ಆಳದ ನೀರು ಸೇದುವವರು

ಯೌವನಸ್ಥರ ಆರಾಧನೆಯಲ್ಲಿ ಕೊಟ್ಟ ಸಂದೇಶ
ವಾಕ್ಯಭಾಗ: ಜ್ಞಾನೋಕ್ತಿ 20:5, 1 ಸಮುವೇಲ 1:9–18, 1 ಅರಸುಗಳು 19:1–18

ಕೂತ್ಕೊಳ್ಳಿ. ಸತ್ಯವೇದ ತಂದಿರೋರು ಜ್ಞಾನೋಕ್ತಿ 20ನೇ ಅಧ್ಯಾಯ 5ನೇ ವಚನ ತೆಗೀರಿ. ಫೋನಿನಲ್ಲಿ ಓದೋರು ಬೈಬಲ್ ಆ್ಯಪ್ ತೆಗೀರಿ, ವಾಟ್ಸಾಪ್ ಬೇಡ.

ಓದಿದ್ರಾ? ಮನುಷ್ಯನ ಹೃದಯದಲ್ಲಿ ಇರೋದು ಆಳವಾದ ನೀರಿನ ಹಾಗೆ, ವಿವೇಕಿಯಾದವನು ಅದನ್ನು ಸೇದಿ ಮೇಲಕ್ಕೆ ತರ್ತಾನೆ ಅನ್ನೋದು ಈ ವಚನದ ಅರ್ಥ. ನಿಮ್ಮಲ್ಲಿ ಬಹಳ ಜನ ಬೋರ್‌ವೆಲ್ ಕಾಲದವರು, ಟ್ಯಾಂಕರ್ ಕಾಲದವರು. ಅಜ್ಜಿ ಊರಲ್ಲಿ ಸೇದೋ ಬಾವಿ ನೋಡಿದ್ದವರಿಗೆ ಗೊತ್ತಿರುತ್ತೆ. ಹಗ್ಗ ಗಿಡ್ಡ ಆದ್ರೆ ಬಿಂದಿಗೆ ನೀರು ಮುಟ್ಟೋದೇ ಇಲ್ಲ. ರಭಸದಿಂದ ಬಿಟ್ರೆ ಗೋಡೆಗೆ ಬಡಿದು ನೆಗ್ಗುತ್ತೆ. ನಿಧಾನಕ್ಕೆ ಇಳಿಸಿ, ಹಗ್ಗ ಒಂದ್ಸಲ ಅಲ್ಲಾಡಿಸಿ, ಬಿಂದಿಗೆ ಮುಳುಗಿ ತುಂಬೋವರೆಗೂ ಕಾಯಬೇಕು. ನೀರು ತಾನಾಗೇ ಮೇಲೆ ಬರಲ್ಲ ಪ್ರಿಯರೇ. ಸೇದೋಕೆ ಒಬ್ಬರು ಬೇಕು.

ಹೋದ ತಿಂಗಳು ಯೂತ್ ಮೀಟಿಂಗಿನಲ್ಲಿ ಹೆಸರು ಬರೀದೆ ಪ್ರಶ್ನೆ ಹಾಕಿ ಅಂತ ಒಂದು ಡಬ್ಬಿ ಇಟ್ಟಿದ್ವಿ. ಮದುವೆ ಬಗ್ಗೆ ಜಾಸ್ತಿ ಬರುತ್ತೆ ಅಂದ್ಕೊಂಡಿದ್ವಿ. ಬಂದವು, ಇಲ್ಲ ಅನ್ನಲ್ಲ. ಆದರೆ ಎಂಟು ಹತ್ತು ಚೀಟಿಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಅಕ್ಷರದಲ್ಲಿ ಇತ್ತು: ಕೌನ್ಸೆಲಿಂಗಿಗೆ ಹೋದ್ರೆ ನನಗೆ ನಂಬಿಕೆ ಇಲ್ಲ ಅಂತ ಅರ್ಥಾನಾ? ಒಂದು ಚೀಟಿಯಲ್ಲಿ, ಈಗಾಗಲೇ ಹೋಗ್ತಾ ಇದ್ದೀನಿ, ಮನೆಯಲ್ಲೂ ಸಭೆಯಲ್ಲೂ ಯಾರಿಗೂ ಹೇಳಿಲ್ಲ ಅಂತ ಇತ್ತು.

ಆ ಪ್ರಶ್ನೆಗೆ ಉತ್ತರ ಸಣ್ಣದು. ಇಲ್ಲ, ಹಾಗೆ ಅರ್ಥ ಅಲ್ಲ. ಪೌಲನ ಜೊತೆ ಊರೂರು ತಿರುಗಿದ ಲೂಕ ವೈದ್ಯ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲ ಅವನನ್ನು ಪ್ರೀತಿಯಿಂದ ವೈದ್ಯ ಅಂತಲೇ ಕರೀತಾನೆ. ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಅಪೊಸ್ತಲ ಪಕ್ಕದಲ್ಲಿ ವೈದ್ಯನನ್ನೂ ಇಟ್ಕೊಂಡಿದ್ದ. ಇಷ್ಟು ಸಾಕು. ಇವತ್ತು ನಾನು ಹೇಳಬೇಕಾದ್ದು ಅದರ ಮುಂದಿನ ಮಾತು. ಒಳಗೆ ಹೋದ ಮೇಲೆ ಅಲ್ಲಿ ಏನು ನಡೆಯುತ್ತೆ? ಎಲ್ಲ ಥೆರಪಿನೂ ಒಂದೇನಾ? ಅಲ್ಲ. ಬಾವಿ ಬೇರೆ ಆದ್ರೆ ಹಗ್ಗನೂ ಬೇರೆ.

ಮೊದಲು ಹನ್ನಳನ್ನು ನೋಡೋಣ. ಶಿಲೋವಿನಲ್ಲಿ ಈ ತಾಯಿ ಪ್ರಾರ್ಥನೆ ಮಾಡ್ತಾ ಇದ್ದಾಳೆ. ತುಟಿ ಅಲ್ಲಾಡ್ತಾ ಇದೆ, ಧ್ವನಿ ಇಲ್ಲ. ಊಟ ಬಿಟ್ಟಿದ್ದಾಳೆ, ಅತ್ತೂ ಅತ್ತೂ ಕಣ್ಣು ಸೋತಿದೆ. ಬಾಗಿಲ ಹತ್ರ ಕೂತಿದ್ದ ಯಾಜಕ ಏಲಿ ನೋಡಿ ಏನಂದ್ಕೊಂಡ? ಕುಡಿದಿದ್ದಾಳೆ ಅಂತ. ಗಮನಿಸಿ, ಅವನು ದೇವರ ಸೇವಕ, ಕೂತಿದ್ದು ದೇವರ ಮಂದಿರದಲ್ಲಿ, ಮುಂದಿದ್ದದ್ದು ನಿಜವಾದ ದುಃಖ. ಆದರೂ ತಪ್ಪಾಗಿ ಓದಿದ. ಇವತ್ತು ಕೆಲವು ಕಡೆ ಇದೇ ಆಗ್ತಿದೆ. ರಾತ್ರಿಯೆಲ್ಲ ನಿದ್ದೆ ಇಲ್ಲದ ಹುಡುಗಿ ಬಂದ್ರೆ ಎರಡು ನಿಮಿಷದಲ್ಲಿ, ಇದು ದುರಾತ್ಮ, ಇದು ಪೂರ್ವಜರ ಶಾಪ ಅಂತ ಹೇಳಿಬಿಡ್ತಾರೆ. ದುರಾತ್ಮಗಳು ಇವೆ, ಯೇಸುವಿನ ನಾಮದಲ್ಲಿ ಬಿಡುಗಡೆ ಇದೆ ಅಂತ ನಾನು ನಂಬ್ತೀನಿ, ಸಾರ್ತೀನಿ. ಆದರೆ ವಿವೇಚನೆಯ ವರ ಅಂತಲೂ ಒಂದು ಇದೆ. ಕೇಳೋಕೆ ಮುಂಚೆನೇ ಹೇಳೋದು ಆ ವರ ಅಲ್ಲ.

ಹನ್ನ ಏಲಿಗೆ ತಿರುಗಿ ಹೇಳ್ತಾಳೆ: ಸ್ವಾಮೀ, ನಾನು ಕುಡಿದಿಲ್ಲ, ದುಃಖದಲ್ಲಿದ್ದೀನಿ. ಆಗ ಏಲಿ ಒಂದು ಒಳ್ಳೇ ಕೆಲಸ ಮಾಡಿದ. ಮಾತು ನಿಲ್ಲಿಸಿದ, ಕೇಳಿದ, ಸಮಾಧಾನದಿಂದ ಹೋಗು ಅಂತ ಕಳಿಸಿದ. ಆಮೇಲೆ ಅವಳು ಊಟ ಮಾಡಿದಳು, ಅವಳ ಮುಖ ಮೊದಲಿನ ಹಾಗಿರಲಿಲ್ಲ. ಸಮುವೇಲ ಇನ್ನೂ ಹುಟ್ಟಿಲ್ಲ ಪ್ರಿಯರೇ! ಪರಿಸ್ಥಿತಿ ಒಂದಿಷ್ಟೂ ಬದಲಾಗಿಲ್ಲ. ದೇವರ ಮುಂದೆ ಸುರಿದಾಗಿತ್ತು, ಮನುಷ್ಯನೊಬ್ಬ ಕೊನೆಗೂ ಅರ್ಥ ಮಾಡಿಕೊಂಡಾಗಿತ್ತು.

ಮಾತಿನ ಚಿಕಿತ್ಸೆಯ ಬೇರು ಇಲ್ಲೇ ಇದೆ. ಈ ಹೆಸರನ್ನು ಕೊಟ್ಟಿದ್ದೂ ಡಾಕ್ಟರಲ್ಲ, ಒಬ್ಬ ರೋಗಿ. 1880ರಲ್ಲಿ ವಿಯೆನ್ನಾ ನಗರದಲ್ಲಿ ಯೋಸೆಫ್ ಬ್ರೋಯರ್ ಅನ್ನೋ ವೈದ್ಯ ಒಬ್ಬ ಯುವತಿಯನ್ನು ನೋಡೋಕೆ ಶುರು ಮಾಡಿದ. ತಂದೆಯ ಕಾಯಿಲೆಯಲ್ಲಿ ಹಗಲೂ ರಾತ್ರಿ ಸೇವೆ ಮಾಡಿ ಕುಸಿದುಹೋಗಿದ್ದವಳು. ಮನಸ್ಸಿನಲ್ಲಿದ್ದದ್ದನ್ನು ಅವನ ಮುಂದೆ ಮಾತಾಡಿದ ದಿನ ಅವಳಿಗೆ ಹಗುರ ಆಗ್ತಿತ್ತು. ಅವಳೇ ಅದನ್ನು ಮಾತಿನ ಚಿಕಿತ್ಸೆ ಅಂದಳು, ತಮಾಷೆಗೆ ಹೊಗೆಗೂಡು ಗುಡಿಸೋದು ಅಂತಲೂ ಅಂದಳು. 1895ರಲ್ಲಿ ಬ್ರೋಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಇದನ್ನು ಪುಸ್ತಕದಲ್ಲಿ ಬರೆದರು. ಫ್ರಾಯ್ಡ್ ದೇವರನ್ನು ನಂಬಿದವನಲ್ಲ. ಕೆಲವು ವಿಶ್ವಾಸಿಗಳು ಅವನ ಹೆಸರು ಕೇಳಿದ್ರೇನೇ ಬಾಗಿಲು ಹಾಕಿಕೊಳ್ತಾರೆ. ಆ ಯುವತಿ ಸಹ ಅಷ್ಟಕ್ಕೇ ಗುಣವಾಗಲಿಲ್ಲ, ಚೇತರಿಸಿಕೊಳ್ಳೋಕೆ ಇನ್ನೂ ವರ್ಷಗಳು ಬೇಕಾದವು. ಹಾಗಾಗಿ, ಬರೀ ಮಾತಾಡಿದ್ರೆ ಎಲ್ಲ ಸರಿ ಹೋಗುತ್ತೆ ಅಂತ ನಾನು ಹೇಳಲ್ಲ. ಮುಂದೆ ಬಂದವರು ಬೇರೆ ಬೇರೆ ದಾರಿ ಹುಡುಕಿದ್ದು ಅದಕ್ಕೇ.

ಅಮೆರಿಕದ ಕಾರ್ಲ್ ರಾಜರ್ಸ್ ಅವರಲ್ಲಿ ಒಬ್ಬ. ಭಕ್ತಿಯ ಮನೆಯಲ್ಲಿ ಬೆಳೆದವನು, ಪಾಸ್ಟರ್ ಆಗೋಕೆ ಸೆಮಿನರಿಗೆ ಸೇರಿ ಎರಡು ವರ್ಷ ಓದಿ, ಆಮೇಲೆ ಬಿಟ್ಟು ಮನಶ್ಶಾಸ್ತ್ರಕ್ಕೆ ಹೋದ. ಅವನು ಹೇಳಿದ್ದು ಇಷ್ಟು: ಎದುರಿಗಿರೋ ಮನುಷ್ಯನ ಜಾಗದಲ್ಲಿ ನಿಂತು ಕೇಳಿ, ನಾಟಕ ಮಾಡಬೇಡಿ, ಅವನನ್ನು ಷರತ್ತಿಲ್ಲದೆ ಸ್ವೀಕರಿಸಿ. ಇವತ್ತು ಯಾವ ಕೌನ್ಸೆಲರ್ ಹತ್ರ ಹೋದ್ರೂ ಇದರ ನೆರಳು ಇದ್ದೇ ಇರುತ್ತೆ. ಮನೆಯಲ್ಲಿ ಸಾವಾಗಿದೆ, ಮದುವೆ ಮುರಿದಿದೆ, ಕೆಲಸ ಹೋಗಿದೆ ಅಂದಾಗ ಈ ಕೇಳಿಸಿಕೊಳ್ಳುವಿಕೆ ದೊಡ್ಡ ಔಷಧಿ. ಯೋಬನ ಸ್ನೇಹಿತರು ಮೊದಲ ಏಳು ದಿನ ಬಾಯಿ ಮುಚ್ಚಿ ಅವನ ಜೊತೆ ನೆಲದ ಮೇಲೆ ಕೂತಿದ್ರಲ್ಲ, ಅಲ್ಲಿಗೇ ಎದ್ದು ಹೋಗಿದ್ರೆ ಅವರನ್ನು ಇವತ್ತಿಗೂ ಹೊಗಳ್ತಾ ಇದ್ವಿ.

ಈಗ ಎಲೀಯನ ಕಡೆ ಬನ್ನಿ. ಕಾರ್ಮೆಲಿನಲ್ಲಿ ಆಕಾಶದಿಂದ ಬೆಂಕಿ ಇಳಿಸಿದವನು, ಮುಂದಿನ ಅಧ್ಯಾಯದಲ್ಲಿ ಗಿಡದ ಕೆಳಗೆ ಮಲಗಿ ಸಾವು ಕೇಳ್ತಾನೆ. ದೇವರು ಅವನಿಗೆ ಮೊದಲು ಪ್ರಸಂಗ ಮಾಡಲಿಲ್ಲ. ನಿದ್ದೆ, ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಆಮೇಲೆ ಹೋರೇಬಿನಲ್ಲಿ ಒಂದು ಪ್ರಶ್ನೆ: ಇಲ್ಲೇನು ಮಾಡ್ತಾ ಇದ್ದೀ? ದೇವರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಅವನೇ ಹೇಳಬೇಕಿತ್ತು. ಎಲೀಯ ಹೇಳ್ತಾನೆ, ಎಲ್ಲರೂ ಹೋದರು, ನಾನೊಬ್ಬನೇ ಉಳಿದಿದ್ದೀನಿ ಅಂತ. ಬಿರುಗಾಳಿ, ಭೂಕಂಪ, ಬೆಂಕಿ, ಮೆಲ್ಲನೆಯ ದನಿ ಎಲ್ಲ ಆದ ಮೇಲೂ ದೇವರು ಅದೇ ಪ್ರಶ್ನೆ ಕೇಳಿದ್ರೆ ಅದೇ ಉತ್ತರ. ಕಂಠಪಾಠ ಮಾಡಿದ ಹಾಗೆ.

ಈಗ ಒಂದು ಪುಟ ಹಿಂದಕ್ಕೆ ತಿರುಗಿಸಿ. 18ನೇ ಅಧ್ಯಾಯ 13ನೇ ವಚನ. ಓಬದ್ಯ ಅನ್ನುವವನು ಎಲೀಯನಿಗೇ ಹೇಳಿದ್ದಾನೆ, ನೂರು ಮಂದಿ ಪ್ರವಾದಿಗಳನ್ನು ಗವಿಗಳಲ್ಲಿ ಬಚ್ಚಿಟ್ಟು ಊಟ ಕೊಟ್ಟೆ ಅಂತ. ಅಂದ್ರೆ ತಾನೊಬ್ಬನೇ ಅಲ್ಲ ಅನ್ನೋದು ಎಲೀಯನಿಗೆ ಗೊತ್ತಿತ್ತು! ಕಿವಿಯಲ್ಲಿ ಕೇಳಿದ್ದ. ಕುಗ್ಗಿದ ಮನಸ್ಸು ಆ ಸಾಕ್ಷಿಯನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ.

1960ರ ದಶಕದಲ್ಲಿ ಫಿಲಡೆಲ್ಫಿಯಾದ ಆ್ಯರನ್ ಬೆಕ್ ಅನ್ನೋ ಮನೋವೈದ್ಯ ತನ್ನ ರೋಗಿಗಳಲ್ಲಿ ಇದನ್ನೇ ಗಮನಿಸಿದ. ಖಿನ್ನತೆ ಇರುವವರಲ್ಲಿ ಕೆಲವು ಯೋಚನೆಗಳು ತಾವಾಗೇ ಓಡ್ತಾ ಇರುತ್ತವೆ: ನಾನು ಯಾವುದಕ್ಕೂ ಬಾರದವನು, ಯಾರಿಗೂ ನಾನು ಬೇಡ, ಮುಂದೆ ಏನೂ ಇಲ್ಲ. ಅವು ಯೋಚನೆ ಅಂತ ಅನ್ನಿಸಲ್ಲ, ಸತ್ಯ ಅಂತಲೇ ಅನ್ನಿಸುತ್ತವೆ. ಅವನ್ನು ಹಿಡಿದು, ಕಾಗದದ ಮೇಲೆ ಬರೆದು, ಇದಕ್ಕೆ ಸಾಕ್ಷಿ ಏನು, ವಿರುದ್ಧ ಸಾಕ್ಷಿ ಏನು ಅಂತ ಕೂತು ನೋಡೋದನ್ನು ಬೆಕ್ ಕಲಿಸಿದ. ಇವತ್ತು ಅದನ್ನು ಸಿಬಿಟಿ ಅಂತೀವಿ. ಮ್ಯಾನೇಜರ್ ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ಕೆಲಸದಿಂದ ತೆಗೀತಾರೆ ಅಂತ ನೀವು ಪಿಜಿ ರೂಮಲ್ಲಿ ರಾತ್ರಿ ಎರಡು ಗಂಟೆಗೆ ತೀರ್ಮಾನ ಮಾಡ್ತೀರಲ್ಲ, ಆ ಯೋಚನೆಗೆ. ಬೈಬಲಿನಲ್ಲಿ ಸಿಬಿಟಿ ಇದೆ ಅಂತ ನಾನು ಹೇಳ್ತಾ ಇಲ್ಲ, ಅಂಥ ಪ್ರಸಂಗಗಳು ನನಗೆ ಹಿಡಿಸಲ್ಲ. ಎಲೀಯನ ಮನಸ್ಸನ್ನು ಸೃಷ್ಟಿಸಿದವರೇ ನಿಮ್ಮ ಮನಸ್ಸನ್ನೂ ಸೃಷ್ಟಿಸಿದ್ದು, ಅಷ್ಟೇ.

ಇನ್ನೊಂದು ನೋಡಿ. ದೇವರು ಏಳು ಸಾವಿರ ಜನ ಇದ್ದಾರೆ ಅಂತ ಹೇಳಿದ್ದು ಕೊನೆಗೆ, 18ನೇ ವಚನದಲ್ಲಿ. ಅದಕ್ಕಿಂತ ಮುಂಚೆ ಏನು ಕೊಟ್ಟರು? ಕೆಲಸ. ಎದ್ದು ಹೋಗು, ಇವನನ್ನು ಅಭಿಷೇಕಿಸು, ಅವನನ್ನು ಅಭಿಷೇಕಿಸು. ಜೊತೆಗೆ ಎಲೀಷ ಅನ್ನೋ ಒಬ್ಬ ಸಂಗಡಿಗ. ಮನಸ್ಸು ಸರಿ ಆದ ಮೇಲೆ ಎದ್ದೇಳ್ತೀನಿ ಅಂತ ಕಾಯಬೇಡ, ಸಣ್ಣದಾಗಿ ಎದ್ದೇಳು, ಮನಸ್ಸು ಹಿಂದೆ ಬರುತ್ತೆ ಅನ್ನೋ ಒಂದು ಚಿಕಿತ್ಸೆಯ ವಿಧಾನವೇ ಇದೆ. ಇದನ್ನು ನಮ್ಮ ಪಕ್ಕದ ಗೋವಾದಲ್ಲಿ ಪರೀಕ್ಷೆ ಮಾಡಿದ್ದಾರೆ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತೀವ್ರ ಖಿನ್ನತೆ ಇದ್ದ ಸುಮಾರು 500 ಜನರಲ್ಲಿ. ಮಾತಾಡಿಸಿದವರು ದೊಡ್ಡ ಡಿಗ್ರಿಯವರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. 6ರಿಂದ 8 ಭೇಟಿ, ಅಷ್ಟೇ. 3 ತಿಂಗಳಾದ ಮೇಲೆ ನೋಡಿದರೆ, ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ ನೂರಕ್ಕೆ 39 ಜನ ಖಿನ್ನತೆಯಿಂದ ಹೊರಗೆ ಬಂದಿದ್ದರು, ಈ ಮಾತಿನ ಚಿಕಿತ್ಸೆಯೂ ಸಿಕ್ಕವರಲ್ಲಿ 64 ಜನ. ಡಾ. ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಇದು. ದೇವರಿಗೆ ಸ್ತೋತ್ರ!

ಮುಂದಿನದ್ದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತಗೊಳ್ತೀನಿ. ನಮ್ಮಂಥ ಸಭೆಗಳಲ್ಲಿ ಇದು ಇದೆ, ಯಾರೂ ಬಾಯಿ ಬಿಡಲ್ಲ.

ಒಬ್ಬ ಯೌವನಸ್ಥ. ರಕ್ಷಣೆ ಹೊಂದಿದ್ದಾನೆ, ದೀಕ್ಷಾಸ್ನಾನ ಆಗಿದೆ, ಕರ್ತನನ್ನು ಪ್ರೀತಿಸ್ತಾನೆ. ಆರಾಧನೆಯಲ್ಲಿ ಕೈ ಎತ್ತಿದ್ದಾನೆ. ಇದ್ದಕ್ಕಿದ್ದ ಹಾಗೆ ತಲೆಯಲ್ಲಿ ಒಂದು ಹೊಲಸು ಮಾತು, ಅದೂ ಪವಿತ್ರಾತ್ಮನ ಬಗ್ಗೆ. ಅವನು ನಡುಗಿಹೋಗ್ತಾನೆ. ಮತ್ತಾಯ 12ನೇ ಅಧ್ಯಾಯ ನೆನಪಾಗುತ್ತೆ, ಕ್ಷಮೆ ಇಲ್ಲದ ಪಾಪ. ತಕ್ಷಣ ಕ್ಷಮಿಸು ಕರ್ತನೇ ಅಂತಾನೆ. ಮನಸ್ಸಿಟ್ಟು ಹೇಳಲಿಲ್ವೇನೋ ಅಂತ ಮತ್ತೊಂದು ಸಲ. ಏಳು ಸಲ, ಇಪ್ಪತ್ತು ಸಲ. ತಡೆದಷ್ಟೂ ಆ ಮಾತು ಹೆಚ್ಚಾಗುತ್ತೆ. ಕರ್ತನ ಭೋಜನದಲ್ಲಿ ರೊಟ್ಟಿ ಮುಂದೆ ಬಂದ್ರೆ ಪಕ್ಕದವರಿಗೆ ದಾಟಿಸಿಬಿಡ್ತಾನೆ. ರಾತ್ರಿ ಗೂಗಲ್. ಭಾನುವಾರ ಪಾಸ್ಟರ್ ಹತ್ರ ಬರ್ತಾನೆ: ಪಾಸ್ಟರ್, ನಾನು ಆ ಪಾಪ ಮಾಡಿದ್ದೀನಾ? ಇಲ್ಲಪ್ಪಾ, ಅದಕ್ಕೆ ಹೆದರೋನು ಅದನ್ನು ಮಾಡಿರಲ್ಲ ಅಂತಾರೆ ಪಾಸ್ಟರ್. ಮುಖ ಅರಳುತ್ತೆ. ಬುಧವಾರಕ್ಕೆ ಫೋನ್: ಪಾಸ್ಟರ್, ಮೊನ್ನೆ ನಾನು ಎಲ್ಲ ಹೇಳಲಿಲ್ಲ ಅನ್ಸುತ್ತೆ.

ಇದು ಹೊಸದಲ್ಲ. ಪಿಲ್ಗ್ರಿಮ್ಸ್ ಪ್ರೋಗ್ರೆಸ್ ಬರೆದ ಜಾನ್ ಬನ್ಯನ್ 1666ರಲ್ಲಿ ತನ್ನ ಆತ್ಮಕಥೆ ಬರೆದ. ಕ್ರಿಸ್ತನನ್ನು ಮಾರಿಬಿಡು ಅನ್ನೋ ಯೋಚನೆ ತನ್ನನ್ನು ಹೇಗೆ ಕಾಡಿತು ಅಂತ ಅದರಲ್ಲಿ ಹೇಳ್ತಾನೆ. ಊಟಕ್ಕೆ ಕೂತ್ರೂ, ಬಗ್ಗಿ ಒಂದು ಗುಂಡುಪಿನ್ನು ಎತ್ತಿಕೊಂಡ್ರೂ ಬಿಡ್ತಿರಲಿಲ್ಲ. ಈಗಿನ ಮನೋವೈದ್ಯರು ಆ ಪುಟಗಳನ್ನು ಓದಿದ್ರೆ ಅವರಿಗೆ ಮೊದಲು ಹೊಳೆಯೋದು ಓಸಿಡಿ, ಕನ್ನಡದಲ್ಲಿ ಗೀಳು ಕಾಯಿಲೆ.

ಕೈ ತೊಳೆದದ್ದೇ ತೊಳೆಯೋರನ್ನು ನೀವು ನೋಡಿರ್ತೀರಿ. ಇದೂ ಅದೇ ಕಾಯಿಲೆ, ಸೋಪಿನ ಜಾಗದಲ್ಲಿ ಪ್ರಾರ್ಥನೆ ಬಂದಿದೆ. ವಿಚಿತ್ರ, ಕೆಟ್ಟ ಯೋಚನೆಗಳು ಆರೋಗ್ಯವಾಗಿರೋ ಜನರಿಗೂ ಬರ್ತವೆ ಅಂತ ರಾಕ್‌ಮನ್ ಮತ್ತು ಪದ್ಮಲ್ ಡಿ ಸಿಲ್ವ ಅನ್ನೋ ಇಬ್ಬರು 1978ರಲ್ಲೇ ತೋರಿಸಿದ್ದಾರೆ. ಬೇರೆಯವರು, ಛೀ ಅಂದು ಮುಂದೆ ಹೋಗ್ತಾರೆ. ಗೀಳು ಇರುವವನು ಅದಕ್ಕೆ ಅರ್ಥ ಹುಡುಕ್ತಾನೆ, ಹೆದರ್ತಾನೆ, ಹೆದರಿಕೆ ಇಳಿಸೋಕೆ ಏನೋ ಒಂದು ಮಾಡ್ತಾನೆ. ಸ್ವಲ್ಪ ಹೊತ್ತು ಇಳಿಯುತ್ತೆ. ಆ ನೆಮ್ಮದಿಯೇ ಗೀಳಿಗೆ ಊಟ.

ಇಲ್ಲಿ ಬರೀ ಮನಸ್ಸು ಬಿಚ್ಚಿ ಮಾತಾಡಿದ್ರೆ ಸಾಲಲ್ಲ, ಬಾಲ್ಯ ಕೆದಕಿದ್ರೂ ಸಾಲಲ್ಲ. ಇದಕ್ಕೆ ಬೇರೆ ಹಗ್ಗ ಇದೆ, ಇಆರ್‌ಪಿ ಅಂತಾರೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇದರ ದಾರಿ ತೆಗೆದ. ಹೆದರಿಕೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಪಟ್ಟಿ ಮಾಡ್ತಾರೆ. ಚಿಕ್ಕದನ್ನು ಮೊದಲು ಎದುರಿಸಬೇಕು, ಆದರೆ ಹೆದರಿಕೆ ಇಳಿಸೋಕೆ ಮಾಡ್ತಿದ್ದ ಆ ಕೆಲಸ ಮಾತ್ರ ಮಾಡಬಾರದು. ಎದೆ ಹೊಡ್ಕೊಳ್ಳುತ್ತೆ, ಬೆವರುತ್ತೆ. ಕೂತಿರಬೇಕು. ಹೆದರಿಕೆ ಏರಿ, ನಿಧಾನಕ್ಕೆ ತಾನೇ ಇಳಿಯುತ್ತೆ, ಇಳಿಯದಿದ್ರೂ ಅದರ ಜೊತೆ ಕೂತಿರೋಕೆ ಆಗುತ್ತೆ ಅಂತ ಮನಸ್ಸು ಕಲಿಯುತ್ತೆ. ಹಾಗಾದ್ರೆ ದೇವದೂಷಣೆ ಮಾಡು ಅಂತಾರಾ ಅಂತ ಹೆದರಬೇಡಿ. ಒಳ್ಳೇ ಥೆರಪಿಸ್ಟ್ ಪಾಪ ಮಾಡು ಅನ್ನಲ್ಲ. ಒಂದೇ ಸಲ ಪ್ರಾರ್ಥನೆ ಮಾಡಿ ಎದ್ದು ಬಾ ಅಂತಾರೆ. ಇಪ್ಪತ್ತು ಸಲ ಕ್ಷಮೆ ಕೇಳದೆ ರೊಟ್ಟಿ ತಗೋ ಅಂತಾರೆ. ಆ ಯೋಚನೆ ಬಂದ್ರೆ ಬರಲಿ, ಓಡಿಸಬೇಡ, ಹಾಡು ನಿಲ್ಲಿಸಬೇಡ ಅಂತಾರೆ. ಡಾಕ್ಟರು ಮಾತ್ರೆ ಕೊಟ್ರೆ ಅದನ್ನೂ ತಗೊಳ್ಳಿ, ಎರಡೂ ಒಟ್ಟಿಗೆ ನಡೆಯುತ್ತೆ.

ನಿಮ್ಮ ಒಪ್ಪಿಗೆ ತಗೊಂಡು ಥೆರಪಿಸ್ಟ್ ಪಾಸ್ಟರಿಗೂ ಒಂದು ಮಾತು ಹೇಳಬಹುದು: ದಯವಿಟ್ಟು ಆ ಪ್ರಶ್ನೆಗೆ ಉತ್ತರ ಕೊಡಬೇಡಿ ಅಂತ. ಪಾಸ್ಟರಿಗೆ ಇದು ಕಷ್ಟ. ಅಳ್ತಾ ನಿಂತ ಮಗುವಿಗೆ ವಚನ ಕೊಡದೆ ಇರೋದು ಹೇಗೆ? ಆದರೆ ನೂರನೇ ಸಲದ ಇಲ್ಲಪ್ಪಾ ಅನ್ನೋದು ವಾಕ್ಯ ಆಗಿ ಕೆಲಸ ಮಾಡಲ್ಲ, ಸೋಪಾಗಿ ಕೆಲಸ ಮಾಡುತ್ತೆ. ಅದಕ್ಕೇ, ತಮ್ಮಾ, ಇವತ್ತು ಅದಕ್ಕೆ ಉತ್ತರ ಇಲ್ಲ, ಬಾ, ಟೀ ಕುಡಿಯೋಣ ಅನ್ನೋದೇ ಹೆಚ್ಚು ಪ್ರೀತಿ. ನನಗೆ ಇದರಲ್ಲಿ ಸುವಾರ್ತೆಯೇ ಕಾಣುತ್ತೆ. ಗೀಳು ಕೇಳೋದು ನೂರಕ್ಕೆ ನೂರು ಖಾತ್ರಿ. ದೇವರು ಅಬ್ರಹಾಮನಿಂದ ಕೇಳಿದ್ದು ಖಾತ್ರಿ ಅಲ್ಲ, ಎಲ್ಲಿಗೆ ಅಂತ ಗೊತ್ತಿಲ್ಲದೆ ಹೊರಡೋದನ್ನು. ಇಬ್ರಿಯ 11 ಮನೆಗೆ ಹೋಗಿ ಓದಿ. ಖಾತ್ರಿ ಇಲ್ಲದೆ ರೊಟ್ಟಿ ತಗೊಂಡ ಆ ಹುಡುಗನ ಕೈ ನಡುಗ್ತಾ ಇರಬಹುದು. ನಮ್ಮಲ್ಲಿ ಬಹಳ ಜನರಿಗಿಂತ ಅವತ್ತು ಅವನ ನಂಬಿಕೆ ದೊಡ್ಡದು.

ಇನ್ನು ಕೆಲವರ ಕಷ್ಟ ಯೋಚನೆಯದಲ್ಲ, ಭಾವನೆಯ ಬಿರುಗಾಳಿಯದು. ಕೈ ಕೊಯ್ದುಕೊಳ್ಳೋರು, ಸಾಯಬೇಕು ಅಂತ ಪದೇ ಪದೇ ಅನ್ನಿಸೋರು. ಅಂಥವರಿಗೆ ಡಿಬಿಟಿ ಅನ್ನೋ ಚಿಕಿತ್ಸೆ ರೂಪಿಸಿದ ಮಾರ್ಶಾ ಲಿನೆಹನ್, ಹದಿಹರೆಯದಲ್ಲಿ ತಾನೇ ಆಸ್ಪತ್ರೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇದ್ದವಳು. 1967ರಲ್ಲಿ ಶಿಕಾಗೋದ ಒಂದು ಚಾಪೆಲಿನಲ್ಲಿ ಮೊಣಕಾಲೂರಿದ್ದಾಗ ದೇವರ ಪ್ರೀತಿ ತನ್ನನ್ನು ಮುಟ್ಟಿತು ಅಂತ ಅವಳೇ ಸಾಕ್ಷಿ ಹೇಳಿದ್ದಾಳೆ. ಆಮೇಲೆ ಏನು ಮಾಡಿದಳು? ಓದಿದಳು, ಸಂಶೋಧನೆ ಮಾಡಿದಳು, ಬಿರುಗಾಳಿ ಬಂದಾಗ ಆ ಒಂದು ಗಂಟೆಯನ್ನು ದಾಟೋದು ಹೇಗೆ ಅಂತ ಹಂತ ಹಂತವಾಗಿ ಕಲಿಸೋ ಪದ್ಧತಿ ಕಟ್ಟಿದಳು. 2011ರವರೆಗೆ ತನ್ನ ಕಥೆಯನ್ನು ಸಾರ್ವಜನಿಕವಾಗಿ ಹೇಳಿರಲಿಲ್ಲ. ಗುಟ್ಟಾಗಿ ಹೋಗ್ತಾ ಇದ್ದೀನಿ ಅಂತ ಚೀಟಿ ಬರೆದವರೇ, ಕೇಳಿಸ್ತಾ?

ಕೊನೆಗೆ ನಾಲ್ಕು ವ್ಯವಹಾರದ ಮಾತು. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಮಾಡಿದ ಡಾಕ್ಟರು, ಮಾತ್ರೆ ಬರೆಯೋರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಥೆರಪಿ ಮಾಡ್ತಾರೆ, ಆರ್‌ಸಿಐ ನೋಂದಣಿ ಇದೆಯಾ ಅಂತ ಕೇಳಿ, ಕೇಳೋದು ಅವಮಾನ ಅಲ್ಲ. ಬರೀ ಕೌನ್ಸೆಲರ್ ಅಂತ ಬೋರ್ಡ್ ಹಾಕಿದವರಲ್ಲಿ ಒಳ್ಳೆಯವರೂ ಇದ್ದಾರೆ, ವಾರಾಂತ್ಯದ ಕೋರ್ಸ್ ಮಾಡಿದವರೂ ಇದ್ದಾರೆ. ನನ್ನ ಕಷ್ಟಕ್ಕೆ ಯಾವ ವಿಧಾನ ಬಳಸ್ತೀರಿ, ಸುಮಾರು ಎಷ್ಟು ಸೆಷನ್ ಬೇಕು ಅಂತ ಮೊದಲ ದಿನವೇ ಕೇಳಿ. ನಿಮ್ಮ ನಂಬಿಕೆಯನ್ನು ಗೇಲಿ ಮಾಡಿದ್ರೆ ಬೇರೆಯವರನ್ನು ಹುಡುಕಿ, ಥೆರಪಿಯನ್ನೇ ಬಿಡಬೇಡಿ. ನೀವು ಹೇಳಿದ್ದು ಗುಟ್ಟಾಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತೆ. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಬೇರೆ ಮಾತು. ದುಡ್ಡಿಲ್ಲ ಅನ್ನೋರಿಗೆ ಇದೇ ಊರಲ್ಲಿ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗ್ತಾರೆ. ಟೆಲಿ ಮಾನಸ್ ಸಂಖ್ಯೆ 14416, ಉಚಿತ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡ್ತಾರೆ. ಫೋನ್ ಕೈಯಲ್ಲೇ ಇದೆಯಲ್ಲ, ಈಗಲೇ ಸೇವ್ ಮಾಡ್ಕೊಳ್ಳಿ. ಸಾಯಬೇಕು ಅನ್ನೋ ಯೋಚನೆ ಇವತ್ತು ಯಾರಿಗಾದ್ರೂ ಇದ್ರೆ ಪ್ರಾರ್ಥನೆ ಮುಗಿದ ಮೇಲೆ ಹೊರಟುಹೋಗಬೇಡಿ. ನಾನು ಬಾಗಿಲ ಹತ್ರ ಇರ್ತೀನಿ. ಅಕ್ಕಂದಿರ ಜೊತೆ ಮಾತಾಡಬೇಕು ಅನ್ನೋರಿಗೆ ಪಕ್ಕದ ರೂಮಲ್ಲಿ ಇಬ್ಬರು ಸಿಸ್ಟರ್ ಇರ್ತಾರೆ. ನಿಮ್ಮ ಜೊತೆ ಆಸ್ಪತ್ರೆಗೂ ಬರ್ತಾರೆ.

ಎದ್ದು ನಿಲ್ಲೋಣ. ತಂದೆಯೇ, ಬಾಗಿಲ ಹತ್ರ ಕೂತು ತಪ್ಪಾಗಿ ಓದೋ ಏಲಿಯಂಥವರನ್ನೂ ನೀನು ಉಪಯೋಗಿಸಿದೆ. ಇಲ್ಲಿ ತುಟಿ ಮಾತ್ರ ಅಲ್ಲಾಡಿಸ್ತಾ ಇರೋ ಪ್ರತಿಯೊಬ್ಬ ಹನ್ನಳನ್ನು ನೀನು ಕೇಳ್ತಾ ಇದ್ದೀ. ಇವರಿಗೆ ಸೇದುವವರನ್ನು ಕೊಡು. ಮೊದಲ ಫೋನ್ ಮಾಡೋಕೆ ಧೈರ್ಯ ಕೊಡು. ನಾಳೆ ಯಾರಿಗಾದ್ರೂ ಅಪಾಯಿಂಟ್‌ಮೆಂಟ್ ಇದ್ದರೆ ಆ ರೂಮಿಗೆ ಅವರಿಗಿಂತ ಮುಂಚೆ ನೀನು ಹೋಗಿರು. ಯೇಸುವಿನ ನಾಮದಲ್ಲಿ, ಆಮೆನ್.